ಮೊದಲು ಒತ್ತಡದ ಲೆಕ್ಕ ಸರಿಮಾಡಿ

ಬೆಂಗಳೂರಿನಾದ್ಯಂತ ಅಗ್ಗದ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಕೂರಿಸಬೇಕೆಂಬ ಲೇಖನದ ಸಲಹೆ ಒಳ್ಳೆಯದೇ. ಆದರೆ ನಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು, ಅಂದರೆ ಸಮುದ್ರಮಟ್ಟಕ್ಕಿಂತ ಕಡಿಮೆ. ಇನ್‌ಫ್ರಾರೆಡ್ ಸೆನ್ಸರ್ ಎಣಿಸುವುದು ಕಿರಣದ ದಾರಿಯಲ್ಲಿ ಸಿಗುವ ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು; ಒತ್ತಡ ಕಡಿಮೆಯಾದಷ್ಟೂ ಅವೂ ಕಡಿಮೆ. ಒತ್ತಡದ ತಿದ್ದುಪಡಿ ಇಲ್ಲದಿದ್ದರೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 420) ಇರುವ ಗಾಳಿ 380ರ ಹತ್ತಿರ ಕಾಣಿಸುತ್ತದೆ! ಪ್ರತಿ ಸೆನ್ಸರ್ ಪೆಟ್ಟಿಗೆಯಲ್ಲೂ ಒತ್ತಡ, ತೇವಾಂಶ ಅಳೆಯುವ ಚಿಪ್ ಇರಲೇಬೇಕು.

ಸೆನ್ಸರ್ ತನ್ನ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುವ ಆಟೊ ಕ್ಯಾಲಿಬ್ರೇಶನ್ ಅನ್ನು ದಯವಿಟ್ಟು ಆಫ್ ಮಾಡಿ. ಅದು ಕಳೆದ ಕೆಲವು ದಿನಗಳ ಕನಿಷ್ಠ ಅಳತೆಯನ್ನೇ ಶುದ್ಧ ಗಾಳಿಯ 400 ಪಿಪಿಎಂ ಎಂದುಕೊಂಡುಬಿಡುತ್ತದೆ; ಟ್ರಾಫಿಕ್ ಜಂಕ್ಷನ್‌ನಲ್ಲಿ ನಾವು ಹುಡುಕುತ್ತಿರುವ ಏರಿಕೆಯೇ ಅಳಿಸಿಹೋಗುತ್ತದೆ. ಬದಲಿಗೆ ಎಲ್ಲ ಪೆಟ್ಟಿಗೆಗಳನ್ನೂ ಒಂದು ನಿಖರ ಉಪಕರಣದ ಪಕ್ಕ ಎರಡು ವಾರ ಇಟ್ಟು ಹೋಲಿಸಿ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ. ಬಜೆಟ್‌ನಲ್ಲಿ ಪ್ರಮಾಣಿತ ಅನಿಲದ (ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ನಿಖರವಾಗಿ ಗೊತ್ತಿರುವ ಅನಿಲ) ಸಿಲಿಂಡರಿಗೆ ಮೊದಲೇ ಹಣ ತೆಗೆದಿಡಿ.