ಹಾಕಿದ ಗುರುತು ಅಳಿಸಿಹೋಗುವ ಪಟ್ಟಿ
ಅಂಗಡಿಯೊಳಗೆ ಸಿಗ್ನಲ್ ಸಿಗುವುದಿಲ್ಲ. ಸೋಪನ್ನು ಬುಟ್ಟಿಗೆ ಹಾಕಿ ಮನೆಯವರೆಲ್ಲ ಹಂಚಿಕೊಂಡಿರುವ ಮೊಬೈಲ್ ಆ್ಯಪ್‌ನ ಸಾಮಾನು ಪಟ್ಟಿಯಲ್ಲಿ ಗುರುತು ಮಾಡುತ್ತೇನೆ. ಹೊರಗೆ ಬಂದು ನೆಟ್‌ವರ್ಕ್ ಸಿಕ್ಕ ಕೂಡಲೇ ಆ ಗುರುತು ಮಾಯ! ಅಷ್ಟರಲ್ಲಿ ಮನೆಯಲ್ಲಿ ಯಾರೋ ಅದೇ ಪಟ್ಟಿಗೆ ಇನ್ನೇನನ್ನೋ ಸೇರಿಸಿರುತ್ತಾರೆ. ಈ ಆ್ಯಪ್ ಒಬ್ಬರ ಪ್ರತಿಯನ್ನು ಉಳಿಸಿಕೊಂಡು ಇನ್ನೊಬ್ಬರದ್ದನ್ನು ಇಡಿಯಾಗಿ ಎಸೆದುಬಿಡುತ್ತದೆ. ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಹೋಲಿಸಿ ಎರಡನ್ನೂ ಸೇರಿಸಬಾರದೇ? ಮನೆಗೆ ಮತ್ತೆ ಮೂರು ಸೋಪು ಬಂದಿವೆ.

ಬೇಸತ್ತು ಬೇರೆ ಆ್ಯಪ್‌ಗೆ ಹೋಗೋಣವೆಂದರೆ ಪಟ್ಟಿಯನ್ನು ಹೊರತೆಗೆಯುವ ದಾರಿಯೇ ಇಲ್ಲ. ಮಾಡಬೇಕಾದ ಕೆಲಸಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಐಕ್ಯಾಲೆಂಡರ್ ಎಂಬ ಮುಕ್ತ ಮಾನದಂಡ 1998ರಿಂದಲೇ ಇದೆ. ಆದರೂ ನನ್ನದೇ ಪಟ್ಟಿಯನ್ನು ನಾನು ಸಾಲು ಸಾಲಾಗಿ ಮತ್ತೆ ಟೈಪ್ ಮಾಡುತ್ತಾ ಕುಳಿತಿದ್ದೇನೆ.