ಒಂದು ಎಂಆರ್‌ಐನಿಂದ ಮರೆವಿನ ಕಾಯಿಲೆ ಮೊದಲೇ ಗೊತ್ತಾಗುತ್ತಾ? ಸ್ಪಷ್ಟನೆ

‘ಅರವತ್ತು ದಾಟಿದವರು ಒಮ್ಮೆ ಮಿದುಳಿನ ಎಂಆರ್‌ಐ ಮಾಡಿಸಿ, ಮರೆವಿನ ಕಾಯಿಲೆ ಬರುತ್ತೋ ಇಲ್ಲವೋ ಈಗಲೇ ಗೊತ್ತಾಗುತ್ತೆ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ನಿಜ ಸ್ವಲ್ಪ, ಹಿಗ್ಗಿಸಿದ್ದೇ ಜಾಸ್ತಿ.

2025ರಲ್ಲಿ ‘ನೇಚರ್ ಏಜಿಂಗ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದವರನ್ನು ಸಂಶೋಧಕರು ಅಂದಿನಿಂದಲೂ ಗಮನಿಸುತ್ತಿದ್ದಾರೆ. ಅವರ 45ನೇ ವಯಸ್ಸಿನ ಮಿದುಳಿನ ಎಂಆರ್‌ಐ ಸ್ಕ್ಯಾನ್‌ಗಳಿಂದ, ದೇಹ ಎಷ್ಟು ಬೇಗ ಮುಪ್ಪಾಗುತ್ತಿದೆ ಎಂದು ಅಂದಾಜಿಸುವ ಲೆಕ್ಕ ಕಟ್ಟಿದರು. ಅದನ್ನೇ ಬೇರೆ ಹಿರಿಯರ ಸ್ಕ್ಯಾನ್‌ಗಳಿಗೆ ಹಚ್ಚಿ ನೋಡಿದಾಗ, ಬೇಗ ಮುಪ್ಪಾಗುತ್ತಿದ್ದವರ ಗುಂಪಿನಲ್ಲಿ ಮುಂದೆ ಮರೆವಿನ ಕಾಯಿಲೆ ಜಾಸ್ತಿ ಕಂಡಿತು. ಗುಂಪಿನಲ್ಲಿ, ಅಷ್ಟೇ. ನಿಮ್ಮ ಅಜ್ಜಿಗೆ ಬರುತ್ತಾ ಅಂತ ಅದು ಖಚಿತವಾಗಿ ಹೇಳುವುದಿಲ್ಲ.

ಸ್ಕ್ಯಾನ್ ಸೆಂಟರಿನ ಮಾಮೂಲಿ ವರದಿಯಲ್ಲಿ ಈ ಲೆಕ್ಕ ಇರುವುದೂ ಇಲ್ಲ. ಹೆಚ್ಚಾಗಿ ಕಾಣುವುದು ‘ವಯಸ್ಸಿಗೆ ತಕ್ಕ ಕುಗ್ಗುವಿಕೆ’ ಅನ್ನುವ ಸಾಲು. ಎಪ್ಪತ್ತರ ಮಿದುಳು ಸ್ವಲ್ಪ ಕುಗ್ಗಿರುತ್ತದೆ, ಕೂದಲು ನರೆತ ಹಾಗೆ. ಅದನ್ನು ಓದಿ ಮನೆಮಂದಿಯೆಲ್ಲ ಸುಮ್ನೆ ಗಾಬರಿಯಾಗುತ್ತಾರೆ.

ಮರೆವು ನಿಜಕ್ಕೂ ಕಾಡುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್‌ಗೋ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಹತ್ತಿರದ ನರರೋಗ ವೈದ್ಯರ ಬಳಿಗೋ ಹೋಗಿ. ವೈದ್ಯರು ಮೊದಲು ಮಾತಾಡಿಸುತ್ತಾರೆ. ನೆನಪು, ಯೋಚನೆ ಹೇಗಿದೆ ಅಂತ ನೋಡಲು ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಿ ಅನ್ನಬಹುದು. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಡಬಹುದು. ಇವುಗಳ ಕೊರತೆಯಿಂದ ಬಂದ ಮರೆವು ಔಷಧಿಗೆ ಬಗ್ಗುವುದುಂಟು. ಗಡ್ಡೆಯೋ ಪಾರ್ಶ್ವವಾಯುವಿನ ಗುರುತೋ ಇದೆಯಾ ಅಂತ ನೋಡಲು ಎಂಆರ್‌ಐ ಬೇಕಿದ್ದರೆ ಅವರೇ ಹೇಳುತ್ತಾರೆ.