ಸೋಮವಾರ ಓಡಿದ ವೋಚೋ

ಮೆಕ್ಸಿಕೋದ ಪ್ರೇಮ ಹಾಸ್ಯ ಸಿನಿಮಾಗಳಲ್ಲಿ ಒಂದು ಜಾತಿಯಿದೆ. ಹುಡುಗ ಹುಡುಗಿ ಚಿಕ್ಕ ವಯಸ್ಸಿನಲ್ಲಿ ಬೇರೆಯಾಗುತ್ತಾರೆ. ಇಪ್ಪತ್ತು ವರ್ಷ ಕಳೆದ ಮೇಲೆ ಮೆಕ್ಸಿಕೋ ಸಿಟಿಯ ಯಾವುದೋ ಮದುವೆ ಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಅವಳ ಕೈಯಲ್ಲಿದ್ದ ವೈನು ಇವನ ಅಂಗಿಯ ಮೇಲೆ. ಸಿನಿಮಾದ ಹೆಸರು ಬೇಡ ಬಿಡಿ, ಯಾವುದನ್ನು ಹಾಕಿದರೂ ಕಥೆ ಇದೇ. ನನಗೆ ಇಂಥವು ಇಷ್ಟ. ನೋಡಿ ಎದ್ದು ಬಂದವರು ಏನಂತಾರೆ ಅನ್ನೋದು ಅದಕ್ಕಿಂತ ಜಾಸ್ತಿ ಇಷ್ಟ.

ಸುತ್ತಮುತ್ತಲಿನದ್ದೂ ಸೇರಿದರೆ ಆ ಊರಿನ ಜನಸಂಖ್ಯೆ 2 ಕೋಟಿ ದಾಟುತ್ತದೆ. ಅಷ್ಟು ಜನರ ನಡುವೆ ಇವರಿಬ್ಬರೇ ಸಿಗಬೇಕು. ಅದೂ ಇಬ್ಬರಿಗೂ ಮದುವೆಯಾಗಿರಬಾರದು, ಹೊಟ್ಟೆ ಬಂದಿರಬಾರದು, ತಲೆಕೂದಲು ಉದುರಿರಬಾರದು. ಇದಕ್ಕೆ ಒಬ್ಬನಾದರೂ ತಕರಾರು ತೆಗೆಯಬೇಕಲ್ವಾ? ಇಲ್ಲ. ಋಣಾನುಬಂಧ ಎಂದು ಗುಳುಂ ಮಾಡುತ್ತಾರೆ. ತಕರಾರು ಇರುವುದು ಕಾರಿನ ಬಗ್ಗೆ.

ಕೊನೆಯಲ್ಲಿ ನಾಯಕ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಹತ್ತಿ ವಿಮಾನ ನಿಲ್ದಾಣಕ್ಕೆ ಧಾವಿಸುತ್ತಾನೆ. ಅಲ್ಲಿನವರ ಬಾಯಲ್ಲಿ ಅದು ವೋಚೋ. 2003ರಲ್ಲಿ ಪುಯೆಬ್ಲಾ ಕಾರ್ಖಾನೆಯಿಂದ ಕೊನೆಯ ವೋಚೋ ಹೊರಬಿದ್ದರೂ ಅದರ ಮೇಲಿನ ಮೋಹ ಇಳಿದಿಲ್ಲ. ಆದರೆ ಆ ಊರಿನಲ್ಲಿ 1989ರಿಂದ 'ಓಯ್ ನೋ ಸಿರ್ಕುಲಾ' ಅಂತ ಒಂದು ನಿಯಮವಿದೆ. ಇವತ್ತು ಓಡಿಸುವಂತಿಲ್ಲ ಎಂದು ಅರ್ಥ. ಹೊಗೆ ಕಡಿಮೆಯಾಗಲಿ ಎಂದು ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ, ಹಳೆಯ ಗಾಡಿಗಳನ್ನು ವಾರದ ಗೊತ್ತಾದ ದಿನ ಮನೆಯಲ್ಲೇ ಕೂರಿಸುತ್ತಾರೆ. 5 ಅಥವಾ 6 ಇದ್ದರೆ ಸೋಮವಾರ ರಜಾ.

ಈಗ ನಮ್ಮ ಪ್ರೇಕ್ಷಕ ಮಹಾಶಯ ಹೇಳುವುದನ್ನು ಕೇಳಿ. "ಪ್ಲೇಟಿನ ಕೊನೆಯಲ್ಲಿ 6. ಅವಳು ಹಿಂದಿನ ದಿನ ಅಜ್ಜಿಯ ಜೊತೆ ಚರ್ಚಿಗೆ ಹೋಗಿದ್ದಳು, ಅಂದಮೇಲೆ ಇವತ್ತು ಸೋಮವಾರ. ದಾರಿಯುದ್ದಕ್ಕೂ ಒಬ್ಬ ಪೊಲೀಸೂ ಹಿಡಿಯಲಿಲ್ಲವಂತೆ! ನಂಬೋಕಾಗುತ್ತಾ?" ಅಲ್ಲ ಮಾರಾಯ, ಪರದೆಯ ಮೇಲೆ ಒಬ್ಬ ಗಂಡಸು ಗಳಗಳ ಅಳುತ್ತಾ ಗಾಡಿ ಓಡಿಸುತ್ತಿದ್ದಾಗ ನೀನು ನಂಬರ್ ಪ್ಲೇಟು ಓದುತ್ತಾ ಕೂತಿದ್ದೆಯಾ?

ಪಕ್ಕದ ಸೀಟಿನವನಿಗೆ ಕಾರು ಪರವಾಗಿಲ್ಲ, ನಿಲ್ದಾಣದ್ದೇ ಚಿಂತೆ. ಹಳೆಯ ಬೆನಿತೋ ಹುವಾರೆಸ್ ನಿಲ್ದಾಣಕ್ಕೆ ಎರಡು ಟರ್ಮಿನಲ್. ಅದು ಸಾಲದು ಎಂದು 2022ರ ಮಾರ್ಚ್‌ನಲ್ಲಿ ಊರಾಚೆ ಫೆಲಿಪೆ ಆಂಖೆಲೆಸ್ ಎಂಬ ಇನ್ನೊಂದು ನಿಲ್ದಾಣ ಶುರುವಾಯಿತು. "ಎಲ್ಲಿಂದ ವಿಮಾನ ಅಂತ ಅವಳು ಹೇಳಿಯೇ ಇಲ್ಲ. ಇವನು ಸೀದಾ ಹೋಗಿ ಅವಳೆದುರು ನಿಂತನಲ್ಲ!" ಈ ಒಂದು ಮಾತಿಗೆ ನನ್ನದೂ ವೋಟು. ಭಾವನನ್ನು ಕರೆತರಲು ಹೋಗಿ ಬೇರೆ ಟರ್ಮಿನಲ್‌ನಲ್ಲಿ ಮುಕ್ಕಾಲು ಗಂಟೆ ಕೈಬೀಸುತ್ತಾ ನಿಂತವನು ನಾನು.

ಇನ್ನು ಬಾಡಿಗೆ. ಈ ಸಿನಿಮಾಗಳಲ್ಲಿ ಗಂಡಸರಿಗೆ ಇರುವುದು ಎರಡೇ ಕೆಲಸ. ಒಂದೋ ಆರ್ಕಿಟೆಕ್ಟ್, ಇಲ್ಲವೇ ಜಾಹೀರಾತು ಕಂಪನಿ. ಆಫೀಸಿಗೆ ಹೋಗಿದ್ದನ್ನು ಯಾರೂ ಕಂಡವರಿಲ್ಲ. ಮನೆ ಮಾತ್ರ ಕೊಂಡೇಸಾ ಬಡಾವಣೆಯಲ್ಲಿ. ಮರಗಳ ಕಡೆಗೆ ಬಾಲ್ಕನಿ, ಬಾಲ್ಕನಿಯಲ್ಲಿ ಧೂಳು ಕೂರದ ಸೈಕಲ್ಲು. ಅದೇ ಊರಿನಲ್ಲಿ ದುಡಿಯುವ ಜನರೇ ಹೆಚ್ಚಿರುವ ಇಸ್ತಪಲಾಪಾದಿಂದ ಬಂದ ಒಬ್ಬ ಅಮ್ಮನ ಅಭಿಪ್ರಾಯ ಕೇಳಿ: "ಇಪ್ಪತ್ತು ವರ್ಷ ಕಾಯುವ ಗಂಡಸು ಎಲ್ಲೋ ಒಬ್ಬ ಇರಬಹುದು. ಆ ಮನೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವವನನ್ನು ತೋರಿಸಿ ನೋಡೋಣ." 2025ರ ಜುಲೈನಲ್ಲಿ ಅದೇ ಕೊಂಡೇಸಾದ ಬೀದಿಗಳಲ್ಲಿ ಬಾಡಿಗೆ ಏರಿದ್ದಕ್ಕೆ ಜನ ಮೆರವಣಿಗೆ ಮಾಡಿದರು. ಇಸ್ತಪಲಾಪಾದಲ್ಲಿ 18 ಲಕ್ಷ ಜನರಿದ್ದಾರೆ. ಅವರಲ್ಲಿ ಯಾರೂ ಪ್ರೀತಿ ಮಾಡಿದ ಸುದ್ದಿ ನಿರ್ಮಾಪಕರಿಗೆ ಇನ್ನೂ ತಲುಪಿದ ಹಾಗಿಲ್ಲ.

ಸ್ಪೇನಿನವರ ಗೋಳು ಬೇರೆ. ಭಾಷೆ ಒಂದೇ, ಆದರೂ ಅರ್ಥವಾಗುವುದಿಲ್ಲವಂತೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಮೆಕ್ಸಿಕೋದ ನಿರ್ದೇಶಕ ಅಲ್ಫೋನ್ಸೋ ಕ್ವಾರೋನ್‌ರ 'ರೋಮಾ' ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಸ್ಪೇನಿನಲ್ಲಿ ಸ್ಪ್ಯಾನಿಷ್ ಸಬ್‌ಟೈಟಲ್ ಹಾಕಿತ್ತು. ಧಾರವಾಡದ ಸಿನಿಮಾಗೆ ಮೈಸೂರಿನಲ್ಲಿ ಕನ್ನಡ ಸಬ್‌ಟೈಟಲ್ ಹಾಕಿದ ಹಾಗೆ. ಅಮ್ಮನನ್ನು 'ಮಮಾ' ಎಂದರೆ ಕೆಳಗೆ 'ಮಾದ್ರೆ', ಅಂದರೆ ತಾಯಿ. ಮಗು ಚಾಕಲೇಟ್ ಕೇಕು ಕೇಳಿದರೆ ಕೆಳಗೆ ಚೀಸ್ ಕುರುಕಲು. ಕ್ವಾರೋನ್ ರೇಗಿದ ಮೇಲೆ 2019ರಲ್ಲಿ ಅದನ್ನು ತೆಗೆದರು.

ನಿಜಕ್ಕೂ ಸಬ್‌ಟೈಟಲ್ ಬೇಕಾದ ಪದ ಒಂದಿದೆ. ಅವೋರಿತಾ. ಬರೆಯುವಾಗ ಅದರಲ್ಲಿ ಹಕಾರವಿದೆ, ಹೇಳುವಾಗ ಇಲ್ಲ. ನಮ್ಮ ಮಂಡ್ಯದ ಕಡೆ ಹಾಲು ಆಲಾಗುತ್ತದಲ್ಲ, ಹಾಗೆ. ಅರ್ಥ 'ಈಗಲೇ'. ಮೆಕ್ಸಿಕೋದಲ್ಲಿ ಅದರ ಅರ್ಥ ಈಗ, ಆಮೇಲೆ, ನಾಳೆ, ಕೆಲವೊಮ್ಮೆ ಯಾವತ್ತೂ ಇಲ್ಲ. ಕಥೆಯ ಶುರುವಿನಲ್ಲಿ ಹುಡುಗ "ಅವೋರಿತಾ ಬಂದೆ" ಎಂದು ಹೋದವನು ಇಪ್ಪತ್ತು ವರ್ಷ ಬಿಟ್ಟು ಬರುತ್ತಾನೆ. ಹೊರಗಿನ ಪ್ರೇಕ್ಷಕರಿಗೆ ಇದು ಕ್ರೌರ್ಯ. ಮೆಕ್ಸಿಕೋದ ಅತ್ತೆಯರಿಗೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ಬಂದನಲ್ಲ, ಮತ್ತೇನು?

ನಂಬರ್ ಪ್ಲೇಟಿನ ಮಹಾಶಯನಿಗೆ ದುಡ್ಡು ವಾಪಸ್ ಬೇಕಂತೆ. 2013ರಲ್ಲಿ ಮೆಕ್ಸಿಕೋ ಸಿನಿಮಾಗಳ ಗಳಿಕೆಯ ದಾಖಲೆ ಮುರಿದ ಸಿನಿಮಾದ ಹೆಸರೇ 'ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂದು ಅವನಿಗೆ ಯಾರೂ ನೆನಪಿಸಿರಲಿಕ್ಕಿಲ್ಲ. ಬೈಯುತ್ತಾ ಹೊರಬಂದವನ ಕಣ್ಣು ಕೆಂಡ. ಕೈಯಲ್ಲಿ ಪಾಪ್‌ಕಾರ್ನ್ ಡಬ್ಬ. ಅಲ್ಲಿನ ರೂಢಿಯಂತೆ ಅದರ ಮೇಲೆ ನಿಂಬೆಹುಳಿ, ವಾಲೆಂತಿನಾ ಖಾರದ ಸಾಸು. ಬೆರಳೆಲ್ಲ ಕೆಂಪು. ಅಳುತ್ತಿದ್ದೆಯಾ ಎಂದರೆ, "ಇಲ್ಲ, ಸಾಸು ಕಣ್ಣಿಗೆ ತಾಗಿತು" ಎಂದ.

ಎರಡೂ ಕಣ್ಣಿಗಾ?

ಉತ್ತರ ಕೊಡದೆ ಬಾಗಿಲಲ್ಲಿ ಟಿಕೆಟ್ ಹರಿಯುವ ಹುಡುಗನ ಹತ್ತಿರ ಹೋಗಿ, ಎರಡನೇ ಭಾಗ ಯಾವಾಗ ಎಂದು ಮೆಲ್ಲಗೆ ಕೇಳಿದ.

"ಅವೋರಿತಾ," ಎಂದ ಹುಡುಗ.